ನೆಟ್ಟಗಾದ ಗೆರೆ

“ಈ ಮುದುಕನ ನಾಲಿಗೆ ಸತ್ತುಹೋಗಿದೆ ಚಿಕ್ಕಮ್ಮ! ಸಿಹಿ ಯಾವುದು ಸಪ್ಪೆ ಯಾವುದು ಒಂದೂ ಗೊತ್ತಾಗಲ್ಲ. ಸತ್ತ ನಾಲಿಗೆ ಇಟ್ಕೊಂಡು ಊರಿಗೆಲ್ಲಾ ಹಬ್ಬದ ಕಡುಬು ಮಾಡಿ ಹಾಕ್ತಿದ್ದಾನೆ!”

ಗಿಬೊಮ್ ಹೀಗೆ ಕೂಗಿದ್ದು ಸುಗ್ಗಿಯ ಚುಸೊಕ್ ಹಬ್ಬದ ಹಿಂದಿನ ದಿನ, ಕಿಮ್ಜೆ ಪೇಟೆಯ ತಮ್ಮದೇ ಅಕ್ಕಿಕಡುಬಿನ ಗಿರಣಿಯಲ್ಲಿ, ಬಾಗಿಲಿನಿಂದ ಬೀದಿಯ ತಿರುವಿನವರೆಗೂ ಜನ ಸಾಲುಗಟ್ಟಿ ನಿಂತಿದ್ದಾಗ. ಮುದುಕ ಅಂದದ್ದು ಹೆತ್ತ ಅಪ್ಪನನ್ನು. ಚಿಕ್ಕಮ್ಮ ಅಂದದ್ದು ಮೀನಂಗಡಿಯ ಹೆಂಗಸನ್ನು. ಪಾಪ, ಅವಳು ಹೇಳಿದ್ದು ಇಷ್ಟೇ: “ಚಾಂಗ್‌ಸೊಪ್ ಅಣ್ಣ, ಈ ಸಲ ಹೂರಣ ಒಂಚೂರು ಸಿಹಿ ಮುಂದಾಯ್ತೇನೋ.” ಅದನ್ನೂ ನಗುನಗುತ್ತಾ, ರುಚಿಗೆಂದು ಕೊಟ್ಟ ಕಡುಬನ್ನು ಬಾಯಲ್ಲಿಟ್ಟುಕೊಂಡೇ ಹೇಳಿದ್ದಳು.

ಅದೇ ಹೊತ್ತಿಗೆ ಗಿಬೊಮ್‌ನ ಜೇಬಿನಲ್ಲಿದ್ದ ಫೋನು ಕಿರುಚಿಕೊಂಡಿತ್ತು. ಅಪ್ಪನ ತೋಳಿಗೆ ಅಂಟಿಸಿದ್ದ ಗುಂಡುಬಿಲ್ಲೆಯ ಕೆಲಸ ಅದು. ರಕ್ತದಲ್ಲಿ ಸಕ್ಕರೆ ಮಿತಿ ಮೀರಿದ ಕೂಡಲೇ ಮಗನ ಫೋನಿಗೂ, ತೆಜೋನ್ ಊರಲ್ಲಿ ನೌಕರಿಗಿದ್ದ ಮಗಳು ಇಸುಲ್‌ಳ ಫೋನಿಗೂ ಚಾಡಿ ಹೇಳುತ್ತಿತ್ತು.

“ಆ ದರಿದ್ರದ್ದನ್ನ ಮೊದಲು ಮುಚ್ಚಿಸೋ,” ಅಂದಿದ್ದ ಅಪ್ಪ. “ಬೆಳಗಿಂದ ಒಂದು ಅಗುಳು ಬಾಯಿಗೆ ಹಾಕಿಲ್ಲ ನಾನು.”

ಹೇಳುತ್ತಿದ್ದವನ ತುಟಿಯ ಅಂಚಿಗೆ ಕೆಂಪುಕಾಳಿನ ಹೂರಣ ಮೆತ್ತಿಕೊಂಡಿತ್ತು. ಗಿಬೊಮ್‌ಗೆ ತಡೆಯಲಾಗಲಿಲ್ಲ. ಬೆಳಗಿನ ಜಾವಕ್ಕೂ ಮುಂಚಿನಿಂದ ಹಬೆಯಲ್ಲಿ ಬೆಂದ ಮೈ, ನಿದ್ದೆಗೆಟ್ಟ ಕಣ್ಣು. ಸಾಲದ್ದಕ್ಕೆ ಈ ಸುಳ್ಳು. ಮಾತು ಬಾಯಿ ಜಾರಿತು. ಮಾತಷ್ಟೇ ಆಗಿದ್ದರೂ ಏನೋ ಅನ್ನಬಹುದಿತ್ತು. ಅವನು ಫೋನನ್ನೂ ಎತ್ತಿ ಹಿಡಿದು ಸಾಲಿನವರಿಗೆಲ್ಲ ತೋರಿಸಿದ. “ನೋಡಿ, ಎಲ್ಲಾರೂ ನೋಡಿ. ಮುನ್ನೂರು ದಾಟಿದೆ. ಇದು ಅಗುಳು ತಿನ್ನದೇ ಇರೋ ಮನುಷ್ಯನ ಸಕ್ಕರೆ!”

ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕೆಂದ.

ಅಪ್ಪ ಕೈಲಿದ್ದ ಪೊಟ್ಟಣ ಕಟ್ಟಿದ. ಎರಡೂ ಕೈಯಿಂದ ಮೀನಂಗಡಿಯವಳಿಗೆ ಕೊಟ್ಟ. “ಸಿಹಿ ಜಾಸ್ತಿ ಆಗಿದ್ರೆ ಕ್ಷಮಿಸಬೇಕು,” ಅಂದು ತಲೆ ತಗ್ಗಿಸಿದ. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಹಿಂದಿನ ಮೆಟ್ಟಿಲು ಹತ್ತಿ ಮನೆಗೆ ಹೋದ.

ಮೂವತ್ತು ವರ್ಷದಲ್ಲಿ ಹಬ್ಬದ ಸಾಲು ಕರಗುವ ಮುಂಚೆ ಮಾ ಚಾಂಗ್‌ಸೊಪ್ ಗಿರಣಿ ಬಿಟ್ಟು ಎದ್ದದ್ದು ಅದೇ ಮೊದಲು.

*

ಈ ಬಿಲ್ಲೆ ಮನೆಗೆ ಬಂದದ್ದು ಬೇಸಿಗೆಯಲ್ಲಿ. ಹಬೆಪಾತ್ರೆಯ ಮುಂದೆ ಅಪ್ಪ ಕುಸಿದು ಬಿದ್ದ. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಕಾಯಿಲೆ ಹಳೆಯದು. ಬಲಗಾಲಿನ ಎರಡು ಬೆರಳು ಆಗಲೇ ಮರಗಟ್ಟಿದ್ದವು. “ಹೀಗೇ ನಡೆದರೆ ಬೆರಳು ಉಳಿಯೋ ಮಾತಿಲ್ಲ,” ಅಂದರು ಡಾಕ್ಟರು. ಇನ್ನೂ ಒಂದು ಮಾತು ಹೇಳಿದರು: “ಪಕ್ಕದ ಮನೆಯವರ ಪಥ್ಯ ನಿಮಗೆ ಹಿಡಿಸಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ. ಯಾವುದು ತಿಂದರೆ ಏರುತ್ತೆ, ಯಾವುದಕ್ಕೆ ಏರಲ್ಲ, ನಿಮ್ಮ ಮೈಯನ್ನೇ ಕೇಳಿ ತಿಳ್ಕೋಬೇಕು.”

ಇಸುಲ್‌ಗೆ ಅಷ್ಟು ಸಾಕಾಗಿತ್ತು. ತೆಜೋನ್‌ನಿಂದ ಬಿಲ್ಲೆಗಳ ಡಬ್ಬಿ ಕಳಿಸಿದಳು. ಫೋನಿನಲ್ಲಿ ಮನೆಯವರ ಗುಂಪೊಂದನ್ನು ಕಟ್ಟಿ, ಅಪ್ಪನ ದಿನದ ಗೆರೆಯನ್ನು ಅದರಲ್ಲಿ ಹಾಕತೊಡಗಿದಳು. ಗೆರೆ ಗುಡ್ಡದ ಹಾಗೆ ಏರಿದರೆ ಕೆಂಪು, ನೆಟ್ಟಗಿದ್ದರೆ ಹಸಿರು. ಮಧ್ಯಾಹ್ನ ಹಸಿರು, ರಾತ್ರಿಯೂ ಸುಮಾರು ಹಸಿರು. ಬೆಳಿಗ್ಗೆ ಮಾತ್ರ, ತಿಂಡಿಗೂ ಮುಂಚೆ, ದಿನವೂ ಕೆಂಪುಗುಡ್ಡ.

ಮನೆಯಲ್ಲಿ ಜಗಳ ಹತ್ತಿದ್ದು ಅಲ್ಲಿಂದ. “ರಾತ್ರಿ ನೀನೇನು ಬೇಯಿಸಿ ಹಾಕ್ತೀಯೋ ಅದು ಬೆಳಿಗ್ಗೆ ಏರುತ್ತೆ,” ಅಂತ ಅಜ್ಜಿ ಸೊಸೆಯ ಮೇಲೆ ಹರಿಹಾಯ್ದಳು. ಅಮ್ಮ ತಲೆ ತಗ್ಗಿಸಿ ಪಾತ್ರೆ ತಿಕ್ಕಿದಳು. ಕೊನೆಗೆ ಗಿಬೊಮ್‌ನೇ ಒಂದು ಮುಂಜಾನೆ ಬೇಗ ಇಳಿದು ಬಂದು ನೋಡಿದ. ಅಪ್ಪ ಹೂರಣದ ಕೊಪ್ಪರಿಗೆಯ ಮುಂದೆ ಕೂತು ಮರದ ಚಮಚದಲ್ಲಿ ತೆಗೆತೆಗೆದು ಬಾಯಿಗಿಡುತ್ತಿದ್ದ. ಕಣ್ಣು ಮುಚ್ಚಿಕೊಳ್ಳುವುದು, ನಾಲಿಗೆಯನ್ನು ಅಂಗುಳಿಗೆ ಒತ್ತುವುದು, ಒಂದು ಹಿಡಿ ಸಕ್ಕರೆ ಹಾಕಿ ತಿರುವುವುದು, ಮತ್ತೆ ಬಾಯಿಗಿಡುವುದು.

“ಅಪ್ಪ! ಏನ್ ತಿಂತಿದ್ದೀರಿ?”

“ಎಲ್ಲಿ ತಿಂದೆ? ರುಚಿ ನೋಡ್ದೆ.”

“ಹೊಟ್ಟೆಗೆ ಹೋಯ್ತಲ್ಲ!”

“ರುಚಿ ನೋಡೋದು ತಿಂದ ಲೆಕ್ಕ ಅಲ್ಲ ಕಣೋ. ನಿಮ್ಮ ತಾತನೂ ಹೀಗೇ ನೋಡ್ತಿದ್ರು. ಕಡುಬಿನವನು ರುಚಿ ನೋಡ್ದೆ ಮಾರಿದ್ರೆ ಅದು ಮೋಸ.”

ತಮಾಷೆಗೆ ಹೇಳಿದ್ದಲ್ಲ. ಅವನ ನಂಬಿಕೆಯೇ ಅದು. ಕಡುಬಿನ ಗಿರಣಿಯವರಿಗೆ ಊಟ ಅಂದರೆ ಕೂತು, ತಟ್ಟೆ ಇಟ್ಟುಕೊಂಡು, ಅನ್ನ ಸಾರು ಉಣ್ಣುವುದು. ನಿಂತು ಬಾಯಿಗೆ ಹಾಕಿಕೊಂಡದ್ದು ಕೆಲಸ. ಅದಕ್ಕೇ ಹಬ್ಬದ ದಿನವೂ “ಒಂದು ಅಗುಳು ಹಾಕಿಲ್ಲ” ಅಂದಿದ್ದ. ಅವನ ಪಾಲಿಗೆ ಅದು ಸುಳ್ಳಾಗಿರಲಿಲ್ಲ. ಗಿಬೊಮ್‌ಗೆ ಇದು ಗೊತ್ತಿತ್ತು. ಗೊತ್ತಿದ್ದೇ ಕೂಗಿದ್ದ. ಮುಂದೆ ಅವನನ್ನು ಮುಳ್ಳಿನ ಹಾಗೆ ಚುಚ್ಚಿದ್ದು ಅದೇ.

*

ಹಬ್ಬದ ದಿನ ಬೆಳಿಗ್ಗೆ ಹಿರಿಯರಿಗೆ ಎಡೆ ಇಟ್ಟರು. ಇಸುಲ್ ಹಿಂದಿನ ರಾತ್ರಿಯೇ ಬಂದಿದ್ದಳು. ಅಪ್ಪ ಹೊಸ ಬಟ್ಟೆ ಹಾಕಿ, ತಾತನ ಪಟದ ಮುಂದೆ ಮದ್ಯ ಎರೆದು, ಅಡ್ಡಬಿದ್ದು ಎದ್ದ. ಎಲ್ಲವೂ ಪದ್ಧತಿಯ ಪ್ರಕಾರವೇ ನಡೆಯಿತು. ಎಡೆ ಎತ್ತಿ ಊಟಕ್ಕೆ ಕೂತಾಗ ಅಜ್ಜಿ ಅರ್ಧಚಂದ್ರದ ಕಡುಬೊಂದನ್ನು ಮಗನ ತಟ್ಟೆಗೆ ಹಾಕಿದಳು.

“ಬೇಡಮ್ಮ.”

“ಅಪ್ಪನ ಪ್ರಸಾದ ಕಣೋ. ಒಂದೇ ಒಂದು.”

“ಬೇಡ,” ಅಂದು ಅಪ್ಪ ಅದನ್ನು ಮೆಲ್ಲಗೆ ಗಿಬೊಮ್‌ನ ತಟ್ಟೆಗೆ ದಾಟಿಸಿದ. ಮುಖ ನೋಡಲಿಲ್ಲ.

ಅಜ್ಜಿಗೆ ರೇಗಿತು. “ನೀನು ತಿನ್ನೋ ಮೂಳ, ಅಪ್ಪನ ಪಾಲೂ ಸೇರಿಸಿ ತಿನ್ನು. ಊರ ಮುಂದೆ ಅಪ್ಪನ ಮಾನ ತಿಂದೆಯಲ್ಲ, ಅದ್ರ ಮೇಲೆ ಇದೇನು ಭಾರ ಆಗಲ್ಲ ಬಿಡು.”

“ಅಜ್ಜಿ, ಅವನು ಹೇಳಿದ್ರಲ್ಲಿ ತಪ್ಪೇನಿದೆ? ಹೇಳಿದ ರೀತಿ ಸರಿಯಿಲ್ಲ, ಒಪ್ತೀನಿ,” ಅಂದಳು ಇಸುಲ್. “ಆದ್ರೆ ಅಪ್ಪನ ಬೆರಳು ಉಳೀಬೇಕೋ ಬೇಡ್ವೋ?”

“ಬೆರಳಂತೆ ಬೆರಳು! ಮೈ ತುಂಬಾ ಬೆರಳಿಟ್ಕೊಂಡು ಮುಖ ಮುಚ್ಕೊಂಡು ಓಡಾಡೋದಾ ಇನ್ನು?”

“ಅತ್ತೆ, ಸಾರು ಆರ್ತಾ ಇದೆ,” ಅಂದಳು ಅಮ್ಮ. ಅವಳ ಜಗಳವೆಲ್ಲ ಸಾರಿನಲ್ಲೇ ಮುಗಿಯುವುದು.

ಗಿಬೊಮ್ ಆ ಕಡುಬನ್ನು ನುಂಗಿದ. ಕ್ಷಮಿಸಿ ಅಂತ ಒಂದು ಮಾತು ಆಗಲೇ, ಅಲ್ಲೇ ಹೇಳಬಹುದಿತ್ತು. ಮಂಡಿಯೂರಿ ಕೂತೇ ಇದ್ದ, ಬಗ್ಗುವುದಷ್ಟೇ ಬಾಕಿ. ಆದರೆ ಅಕ್ಕ ತನ್ನ ಕಡೆ ಮಾತಾಡಿದ್ದೇ ತಡ, ಅವನೊಳಗಿನ ಕೊಬ್ಬು ಮತ್ತೆ ತಲೆಯೆತ್ತಿತು. ನಾನೇನು ಸುಳ್ಳು ಹೇಳಿದೆನಾ ಅಂದುಕೊಂಡ. ಎದ್ದು ತಟ್ಟೆ ತೊಳೆಯಲು ಹೋದ.

*

ಹಬ್ಬ ಮುಗಿಸಿ ಹೊರಡುವ ಮುಂಚೆ ಇಸುಲ್ ಅಪ್ಪನನ್ನು ಕೂರಿಸಿಕೊಂಡಳು. “ಅಪ್ಪ, ಇನ್ನು ಮೇಲೆ ಒಂದೊಂದೇ ತಿಂದು ನೋಡೋಣ. ಇವತ್ತು ಬಾರ್ಲಿ ಅನ್ನ, ನಾಳೆ ಬಿಳಿ ಅನ್ನ, ನಾಡಿದ್ದು ಗೆಣಸು. ತಿಂದಾದ ಮೇಲೆ ಗೆರೆ ಎಷ್ಟು ಏರುತ್ತೆ ನೋಡಿ, ನಿಮ್ಮ ಮೈಗೆ ಆಗೋದನ್ನೇ ಇಟ್ಕೊಳ್ಳೋಣ. ಸರೀನಾ?”

“ಹೂಂ,” ಅಂದ ಅಪ್ಪ.

ಇಸುಲ್ ಬೆರಗಾದಳು. ಈ ಮನುಷ್ಯ ಹೂಂ ಅನ್ನುವವನೇ ಅಲ್ಲ. ಮೊನ್ನೆ ಮೊನ್ನೆಯವರೆಗೂ ಬಿಲ್ಲೆ ಅಂಟಿಸಲು ತೋಳು ಚಾಚಲೂ ತಕರಾರು ಮಾಡುತ್ತಿದ್ದ. ಈಗ ಪರೀಕ್ಷೆಗೆ ಕೂತ ಹುಡುಗನ ಹಾಗೆ, ಇಟ್ಟದ್ದನ್ನು ಉಂಡ.

ಬಂದ ಉತ್ತರಗಳು ವಿಚಿತ್ರವಾಗಿದ್ದವು. ಸಕ್ಕರೆ ಕಾಯಿಲೆಗೆ ದಿವ್ಯ ಅಂತ ಊರೆಲ್ಲ ಹೊಗಳುವ ಬಾರ್ಲಿ ಅನ್ನಕ್ಕೆ ಅಪ್ಪನ ಗೆರೆ ನೆಗೆದು ಕೂತಿತು. ಹಿಂದಿನ ದಿನದ ತಂಗಳು ಬಿಳಿ ಅನ್ನವನ್ನು ಬಿಸಿಮಾಡಿ ಕೊಟ್ಟರೆ ಅಷ್ಟು ಏರಲಿಲ್ಲ. ಸುಟ್ಟ ಗೆಣಸು ಕೆಂಪು, ಬೇಯಿಸಿದ ಗೆಣಸು ಪರವಾಗಿಲ್ಲ. ಅಕ್ಕಿಗಂಜಿ ಮಹಾಪಾಪ. ಸೊಪ್ಪು, ತೋಫು ಮೊದಲು ತಿಂದು ಅನ್ನ ಕೊನೆಗೆ ಉಂಡರೆ ಗುಡ್ಡ ದಿಬ್ಬವಾಯಿತು.

“ಯಂತ್ರಕ್ಕೆ ತಲೆ ಕೆಟ್ಟಿದೆ,” ಅಂದಳು ಅಜ್ಜಿ. “ನಾವೆಲ್ಲ ಬಾರ್ಲಿ ತಿಂದೇ ಬದುಕಿದ್ದು. ಬಾರ್ಲಿ ಯಾರಿಗಾದ್ರೂ ಕೆಟ್ಟದ್ದು ಮಾಡುತ್ತಾ?”

“ನಿಮಗೆ ಮಾಡಿರಲ್ಲ ಅಜ್ಜಿ. ಅಪ್ಪನಿಗೆ ಮಾಡುತ್ತೆ. ಅದೇ ಅಲ್ವಾ ಡಾಕ್ಟ್ರು ಹೇಳಿದ್ದು,” ಅಂದ ಗಿಬೊಮ್.

“ನನ್ನ ಹೊಟ್ಟೇಲಿ ಹುಟ್ಟಿದವನು. ನನಗಾಗದ್ದು ಅವನಿಗೆ ಹೇಗೋ ಆಗುತ್ತೆ?”

“ಹಾಗಾದ್ರೆ ನಾನು ಅಪ್ಪನಿಗೆ ಹುಟ್ಟಿದವನು. ಅವರ ಬುದ್ಧಿ ನನಗೆ ಬಂದಿದ್ಯಾ?”

“ಅದನ್ನ ನಿನ್ನ ಬಾಯಿಂದ್ಲೇ ಹೇಳ್ದೆ ನೋಡು,” ಅಂದಳು ಅಜ್ಜಿ.

ಅಪ್ಪ ನಗಲಿಲ್ಲ. ಹಿಂದೆಯಾಗಿದ್ದರೆ ಇಂಥ ಮಾತಿಗೆ ಅನ್ನ ಮೂಗಿಗೇರುವಷ್ಟು ನಗುತ್ತಿದ್ದ. ಚಾಪ್‌ಸ್ಟಿಕ್ ಕೆಳಗಿಟ್ಟು, “ಸಾಕು,” ಅಂದು ಎದ್ದ. ಊಟವಾದ ಮೇಲೆ ನಡೆದರೆ ಗೆರೆ ಇಳಿಯುತ್ತದೆಂದು ಗೊತ್ತಾದ ಮೇಲೆ ಅಪ್ಪ ದಿನವೂ ನಡೆಯಲು ಹೋಗುತ್ತಿದ್ದ. ಪೇಟೆಬೀದಿಯಲ್ಲಿ ಅಲ್ಲ. ಹಿಂದಿನ ಓಣಿ ಹಿಡಿದು, ಗದ್ದೆ ಕಾಲುವೆಯ ಏರಿಯ ಮೇಲೆ. ಟೊಪ್ಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು.

*

ಗಿರಣಿಗೆ ಮಾತ್ರ ಅಪ್ಪ ಇಳಿಯಲಿಲ್ಲ. ಕೆಳಗಿನ ಕೆಲಸವೆಲ್ಲ ಗಿಬೊಮ್‌ನ ತಲೆಗೆ ಬಂತು. ಅಕ್ಕಿ ನೆನೆಹಾಕುವುದು, ಬೀಸುವುದು, ಹಬೆಗಿಡುವುದು ಅವನಿಗೆ ಕರತಲಾಮಲಕ. ಹೈಸ್ಕೂಲು ಬಿಟ್ಟಾಗಿನಿಂದ ಮಾಡಿದ್ದೇ ಅದು. ಹೂರಣಕ್ಕೆ ಮಾತ್ರ ಮೊದಲ ಸಕ್ಕರೆ ಅಮ್ಮನದು, ರುಚಿ ಅಪ್ಪನದು. ಈಗ ಅದರ ರುಚಿ ನೋಡುವವನೂ ಗಿಬೊಮ್‌ನೇ.

ಮೊದಮೊದಲು ಹುಮ್ಮಸ್ಸಿತ್ತು. ಸಕ್ಕರೆಯನ್ನು ಅಳತೆಗಿಂತ ಕಡಿಮೆ ಹಾಕಿದ. ಗಿರಾಕಿಗಳು ಏನೂ ಅನ್ನಲಿಲ್ಲ. ಎರಡನೇ ವಾರ ಚರ್ಚಿನ ಹಿರಿಯರ ಕೂಟಕ್ಕೆ ಕಳಿಸಿದ ಕಡುಬು ಅರ್ಧಕ್ಕರ್ಧ ಹಾಗೇ ವಾಪಸು ಬಂತು. ಯಾಕೆಂದು ಯಾರೂ ಹೇಳಲಿಲ್ಲ. “ಜನ ಕಡಿಮೆ ಬಂದಿದ್ರಪ್ಪ,” ಅಂದರು. ಗಿಬೊಮ್ ಒಂದನ್ನು ತಿಂದು ನೋಡಿದ. ಸಿಹಿ ಸರಿಯಾಗಿತ್ತು. ಇನ್ನೇನೋ ಸರಿಯಿರಲಿಲ್ಲ. ಏನೆಂದು ಅವನಿಗೆ ತಿಳಿಯಲಿಲ್ಲ.

ಮಾರನೆಯ ದಿನ ಒಂದು ಬಟ್ಟಲಲ್ಲಿ ಹೂರಣ ಹಾಕಿಕೊಂಡು ಮೇಲೆ ಹೋದ. ಅಪ್ಪ ಕಿಟಕಿಯ ಪಕ್ಕ ಕೂತು ಉಗುರು ಕತ್ತರಿಸುತ್ತಿದ್ದ, ಕಾಲಿನದು, ಬಹಳ ಜೋಪಾನವಾಗಿ.

“ಅಪ್ಪ, ಇದನ್ನ ಸ್ವಲ್ಪ... ಬಾಯಿಗೆ ಬೇಡ. ಮೂಸಿ ನೋಡಿದ್ರೂ ಸಾಕು. ಏನೋ ಕಮ್ಮಿ ಆಗಿದೆ.”

ಅಪ್ಪ ಬಟ್ಟಲನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಅವನ ಜೇಬಿನಿಂದ ಇಣುಕುತ್ತಿದ್ದ ಫೋನಿನ ಕಡೆ ಗದ್ದದಿಂದ ಸನ್ನೆ ಮಾಡಿದ.

“ಅದನ್ನೇ ಕೇಳು. ಅದಕ್ಕೆ ಎಲ್ಲಾ ಗೊತ್ತಿರುತ್ತೆ.”

ಬೈದಿದ್ದರೆ ಚೆನ್ನಾಗಿತ್ತು. ಬಟ್ಟಲನ್ನು ಮುಖಕ್ಕೆ ಎಸೆದಿದ್ದರೆ ಇನ್ನೂ ಚೆನ್ನಾಗಿತ್ತು. ಎಷ್ಟೋ ಹೊಡೆತ ತಿಂದು ಬೆಳೆದವನು ಗಿಬೊಮ್. ಬಟ್ಟಲು ಹಿಡಿದುಕೊಂಡು ಮೆಟ್ಟಿಲಿಳಿದ. ಇಳಿಯುತ್ತಿದ್ದಾಗ ಹಿಂದಿನಿಂದ ಅಪ್ಪನ ದನಿ ಕೇಳಿತು, ಗೋಡೆಗೆ ಹೇಳಿದ ಹಾಗೆ:

“ಗಿರಣಿ ಬೆಲ್ಟು ಸಡಿಲಾಗಿದೆ. ಇಲ್ಲಿಗೇ ಕೇಳುತ್ತೆ.”

ಹೋಗಿ ನೋಡಿದ. ಸಡಿಲಾಗಿತ್ತು.

*

ಚಳಿ ಬಿತ್ತು. ಕಿಮ್ಚಿ ಉಪ್ಪಿನಕಾಯಿ ಹಾಕುವ ಕಾಲ. ಅಂಗಳದಲ್ಲಿ ಎಲೆಕೋಸಿನ ರಾಶಿ. ಅಮ್ಮ ಸೀಳಿ ಕೊಡುತ್ತಿದ್ದಳು, ಗಿಬೊಮ್ ಎಲೆಗಳ ನಡುವೆ ಉಪ್ಪು ತುಂಬುತ್ತಿದ್ದ. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು ನೀರು. ಫೋನು ಟಿಣ್ ಅಂತು. ಇಸುಲ್ ಗುಂಪಿನಲ್ಲಿ ಆ ವಾರದ ಗೆರೆ ಹಾಕಿದ್ದಳು: ಉದ್ದಕ್ಕೂ ಹಸಿರು, ಬಿಗಿದು ಕಟ್ಟಿದ ಹಗ್ಗದ ಹಾಗೆ ನೆಟ್ಟಗೆ. ಕೆಳಗೆ ಕುಣಿಯುವ ಮೊಲದ ಚಿತ್ರ. ‘ಗಿಬೊಮ್, ನೀನೇ ಗೆದ್ದೆ ಕಣೋ! ಅಪ್ಪನನ್ನ ಹೇಗೋ ದಾರಿಗೆ ತಂದೆ!’

ಗಿಬೊಮ್ ಅಮ್ಮನಿಗೆ ತೋರಿಸಿದ. ಅಮ್ಮ ಒದ್ದೆಕೈಯನ್ನು ಒರೆಸಿಕೊಳ್ಳದೆಯೇ ಕಣ್ಣಾಡಿಸಿ, “ಚೆನ್ನಾಗಿದೆ,” ಅಂದಳು. ಆಮೇಲೆ, “ಪ್ಯಾಂಟು ನಿಲ್ತಿಲ್ಲ ಅವರಿಗೆ. ನಿನ್ನೆ ಬೆಲ್ಟಿಗೆ ಹೊಸ ತೂತು ಹಾಕಿಕೊಟ್ಟೆ,” ಅಂದಳು.

“ಊಟ ಸರಿಯಾಗಿ ಮಾಡ್ತಿಲ್ವಾ?”

“ಇಟ್ಟದ್ದು ಉಣ್ತಾರೆ. ಕೇಳಿ ಉಣ್ಣಲ್ಲ.” ಅಮ್ಮ ಇನ್ನೊಂದು ಕೋಸಿಗೆ ಚಾಕು ಹಾಕಿದಳು. “ಗಿಬೊಮ್, ಹಬ್ಬದ ಹಿಂದಿನ ದಿನ ಹೂರಣಕ್ಕೆ ಮೊದಲನೇ ಸಕ್ಕರೆ ಹಾಕಿದ್ದು ಯಾರು?”

“ನಾನು. ನೀನು ಮೇಲೆ ಎಡೆಗೆ ಅಡುಗೆ ಮಾಡ್ತಿದ್ಯಲ್ಲ.”

“ಎಷ್ಟು ಹಾಕ್ದೆ?”

“ಅಳತೆ ಪ್ರಕಾರ. ಯಾಕೆ?”

“ನಾನು ಅಳತೆ ಪ್ರಕಾರ ಹಾಕಿ ಎರಡು ವರ್ಷ ಆಯ್ತು.”

ಗಿಬೊಮ್‌ನ ಕೈ ನಿಂತಿತು.

“ಅವರ ನಾಲಿಗೆಗೆ ಸಿಹಿ ಹತ್ತಲ್ಲ ಅಂತ ನನಗೆ ಆಗ್ಲೇ ಗೊತ್ತಾಗಿತ್ತು,” ಅಂದಳು ಅಮ್ಮ, ಕೋಸಿನಿಂದ ಕಣ್ಣು ಕೀಳದೆ. “ಅವರು ರುಚಿ ನೋಡಿ ಮೇಲೆ ಎಷ್ಟು ಹಾಕ್ತಾರೋ, ಅಷ್ಟು ನಾನು ಮೊದ್ಲೇ ಕಮ್ಮಿ ಹಾಕಿಟ್ಟಿರ್ತಿದ್ದೆ. ಅವರು ಸೇರಿಸಿದ ಮೇಲೆ ಸರಿಹೋಗ್ತಿತ್ತು. ಎರಡು ವರ್ಷ ಒಬ್ಬರೂ ಬಾಯಿ ಎತ್ತಲಿಲ್ಲ. ಅವತ್ತೊಂದು ದಿನ ನಾನು ಕೆಳಗೆ ಇರ್ಲಿಲ್ಲ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?”

ಸಿಕ್ಕಿಬಿದ್ದಾಗ ಅವನು ಮಾಡುವುದನ್ನೇ ಮಾಡಿದ, ರೇಗಿದ. “ಸರಿ, ಕಡುಬಿನ ರುಚಿ ಉಳಿಸ್ದೆ. ಆ ಸಕ್ಕರೆ ದಿನಾ ಅವರ ಹೊಟ್ಟೆಗೆ ಹೋಗ್ತಿತ್ತಲ್ಲ, ಅದನ್ನ ಯಾರು ತಡೀಬೇಕಿತ್ತು? ನೀನೇ ಅಲ್ವಾ? ಗಂಡನ ಮಾನ ಕಾಯೋಕೆ ಗಂಡನ ಕಾಲು ತಿಂದೆ!”

ಅಮ್ಮ ಚಾಕು ಕೆಳಗಿಟ್ಟಳು.

“ಹೌದು,” ಅಂದಳು. “ಅದಕ್ಕೇ ನೀನು ಬೈದಾಗ ನಾನು ಒಂದು ಮಾತಾಡ್ಲಿಲ್ಲ. ಕೊಪ್ಪರಿಗೆ ಮುಂದಿಂದ ಅವರನ್ನ ಎಬ್ಬಿಸಲೇಬೇಕಿತ್ತು, ನನ್ನ ಕೈಲಿ ಆಗ್ಲಿಲ್ಲ. ನೀನು ಎಬ್ಬಿಸ್ದೆ. ಆದ್ರೆ ಹಾಗಲ್ಲಪ್ಪ ಮನುಷ್ಯನನ್ನ ಎಬ್ಬಿಸೋದು.”

ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ ಅಜ್ಜಿಗೆ ಕಿವಿ ಮಂದವೆಂದು ಮನೆಯವರೆಲ್ಲ ನಂಬಿದ್ದರು. ಅವಳು ತಲೆಯೆತ್ತದೆ ಹೇಳಿದಳು: “ಇವನನ್ನ ಸ್ಕೂಲಿಂದ ಆಚೆ ಹಾಕಿದಾಗ ಊರವರೆಲ್ಲ ಕೇಳಿದ್ರು. ಮಗ ಯಾಕೆ ಮನೇಲಿದಾನೆ ಅಂತ. ಏನಂದ ಗೊತ್ತಾ ನನ್ನ ಮಗ? ‘ನನಗೆ ಕೈಯಾಳು ಸಾಲಲ್ಲ, ನಾನೇ ಬಿಡಿಸಿ ಕರ್ಕೊಂಡು ಬಂದೆ. ಓದೋ ಹುಡುಗನ ಓದು ಹಾಳುಮಾಡ್ದೆ’ ಅಂತ. ಆ ಮೀನಂಗಡಿಯವಳು ಅವನಿಗೆ ಉಗಿದ್ಳು, ಎಂಥಾ ಅಪ್ಪ ನೀನು ಅಂತ. ಉಗಿಸ್ಕೊಂಡ.”

ಬೆಳ್ಳುಳ್ಳಿ ಸಿಪ್ಪೆ ಗಾಳಿಗೆ ಹಾರಿ ಅಂಗಳದ ತುಂಬ ಹರಡುತ್ತಿತ್ತು. ಗಿಬೊಮ್ ಆ ಕಥೆ ಕೇಳಿರಲಿಲ್ಲ. ತನ್ನನ್ನು ಆಚೆ ಹಾಕಿದ್ದು ಪೇಟೆಯಲ್ಲಿ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಅಂತ ಅವನು ಇಷ್ಟು ವರ್ಷ ಒಂದು ಸಲವೂ ಯೋಚಿಸಿರಲಿಲ್ಲ. ಅದೃಷ್ಟ ಅಂದುಕೊಂಡಿದ್ದ.

“ಅಮ್ಮ, ಅಪ್ಪನಿಗೆ ಹೇಳಿಬಿಡು,” ಅಂದ. “ಎರಡು ವರ್ಷ ಕಡುಬು ಸರಿಯಾಗೇ ಇತ್ತು, ಅವತ್ತೊಂದು ದಿನ ನನ್ನಿಂದ ಕೆಡ್ತು ಅಂತ.”

“ಹೇಳಿದ್ರೆ? ಹೆಂಡತೀಗೂ ಗೊತ್ತಿತ್ತು, ಎರಡು ವರ್ಷ ನನ್ನನ್ನ ಆಟ ಆಡಿಸಿದ್ಳು ಅಂತ ಆಗುತ್ತೆ. ಈಗ ಊರಿಗೆ ಮುಖ ಮರೆಸ್ತಿದಾರೆ. ಆಮೇಲೆ ಮನೇಲೂ ಮರೆಸಬೇಕಾಗುತ್ತೆ.” ಅಮ್ಮ ಚಾಕು ಎತ್ತಿಕೊಂಡಳು. “ಉಪ್ಪು ಬುಡಕ್ಕೆ ಹಾಕು. ತುದಿಗೆ ಬೇಡ.”

*

ಆ ಸಂಜೆ ಅವನು ಅಪ್ಪನ ಹಿಂದೆ ಕಾಲುವೆ ಏರಿಗೆ ಹೋದ. ಕೊಯ್ಲಾದ ಗದ್ದೆ ಬಯಲು ಕಣ್ಣು ಹಾಯುವವರೆಗೂ ಬರಿದಾಗಿ ಬಿದ್ದಿತ್ತು. ಅಪ್ಪ ಮುಂದೆ ಹೋಗುತ್ತಿದ್ದ, ಜಾಕೆಟ್ಟು ಬೇರೆಯವರದ್ದೇನೋ ಅನ್ನುವಷ್ಟು ದೊಡ್ಡದಾಗಿ ಕಾಣುತ್ತಿತ್ತು. ಗಿಬೊಮ್ ಬೇಗ ಹೆಜ್ಜೆ ಹಾಕಿ ಪಕ್ಕಕ್ಕೆ ಬಂದ.

“ಅಪ್ಪ.”

“ಹೂಂ.”

“ಅವತ್ತು ಹೂರಣ... ಅದಕ್ಕೆ ಮೊದ್ಲು ಸಕ್ಕರೆ ಹಾಕಿದ್ದು ನಾನು.”

“ಗೊತ್ತು.”

“ಅದು... ನಿಮ್ಮ ತಪ್ಪಲ್ಲ.”

“ರುಚಿ ನೋಡಿ ಸರಿ ಅಂದವನು ನಾನು. ತಪ್ಪು ರುಚಿ ನೋಡಿದವನದ್ದೇ.” ಅಪ್ಪ ನಡೆಯುತ್ತಲೇ ಹೇಳಿದ. “ನಿನ್ನ ಮಾತು ಸುಳ್ಳಲ್ಲ. ನನಗೂ ಅನುಮಾನ ಇತ್ತು. ಸಿಹಿ ಎಲ್ಲೋ ದೂರದಲ್ಲಿ ಯಾರೋ ಕೂಗಿದ ಹಾಗೆ ಕೇಳೋದು. ಹತ್ತಿರ ಬರ್ಲಿ ಅಂತ ಹಾಕ್ತಾ ಹೋದೆ.”

ಕ್ಷಮಿಸಿ ಅನ್ನುವ ಮಾತು ಗಿಬೊಮ್‌ನ ಗಂಟಲವರೆಗೂ ಬಂದಿತ್ತು. ಎದುರಿನಿಂದ ಸೈಕಲ್ಲಿನಲ್ಲಿ ಯಾರೋ ಬಂದರು. ಅಪ್ಪ ಚಟ್ಟನೆ ಟೊಪ್ಪಿ ಎಳೆದುಕೊಂಡು ಕಾಲುವೆಯ ಕಡೆಗೆ ಮುಖ ತಿರುಗಿಸಿ ನಿಂತ. ನೀರಿಲ್ಲದ ಕಾಲುವೆಯಲ್ಲಿ ಏನನ್ನೋ ಹುಡುಕುವವನ ಹಾಗೆ. ಸೈಕಲ್ಲು ದಾಟಿಹೋಯಿತು, ಗುರುತಿಲ್ಲದ ಯಾವನೋ. ಅಪ್ಪ ಹಾಗೆ ನಿಂತದ್ದನ್ನು ನೋಡಿದ ಮೇಲೆ ಆ ಒಂದು ಮಾತು ಏನೂ ಸಾಲದೆಂದು ಗಿಬೊಮ್‌ಗೆ ಅನ್ನಿಸಿತು. ಹಣ ಕಳೆದವನಿಗೆ ಅಂಗಿಯ ಗುಂಡಿ ಹುಡುಕಿಕೊಟ್ಟ ಹಾಗೆ. ಮನೆಯವರೆಗೂ ಜೊತೆಗೆ ನಡೆದ.

ಮರುದಿನ ಮತ್ತೆ ಒಂದು ಸಲ ಕರೆದ. “ಕೆಳಗೆ ಬನ್ನಿ ಅಪ್ಪ. ರುಚಿ ನಾನು ನೋಡ್ತೀನಿ. ಹೂರಣ ಅರೆದದ್ದು ಸರಿಯಾಗಿದ್ಯಾ ಅಂತ ನೀವು ಕೈಲಿ ಮುಟ್ಟಿ ಹೇಳಿ, ಸಾಕು.”

“ಡಿಸೆಂಬರ್‌ನಲ್ಲಿ ಆಸ್ಪತ್ರೆ ಇದೆ. ಅದು ಮುಗೀಲಿ,” ಅಂದ ಅಪ್ಪ.

ಆಸ್ಪತ್ರೆಗೂ ಹೂರಣ ಮುಟ್ಟಲಿಕ್ಕೂ ಏನು ಸಂಬಂಧವೆಂದು ಗಿಬೊಮ್ ಕೇಳಲಿಲ್ಲ. ಆದರೂ ಅದಷ್ಟನ್ನೇ ಹಿಡಿದುಕೊಂಡು ಕಾದ. ಫಲಿತಾಂಶ ಚೆನ್ನಾಗಿ ಬಂದರೆ ಅಪ್ಪ ಇಳಿದು ಬರಬಹುದು. ಬರದೆ ಎಲ್ಲಿಗೆ ಹೋಗುತ್ತಾನೆ?

*

ಫಲಿತಾಂಶ ಬಹಳ ಚೆನ್ನಾಗಿ ಬಂತು. ಡಾಕ್ಟರು ಅಪ್ಪನ ಬೆರಳುಗಳನ್ನು ಒತ್ತಿ ನೋಡಿ, “ಇವಕ್ಕೇನೂ ಭಯ ಇಲ್ಲ ಈಗ,” ಅಂದರು. ತೂಕ ಇಳಿದದ್ದರ ಬಗ್ಗೆ ಅಮ್ಮ ಕೇಳಿದಳು. ಮಾಂಸ, ಮೊಟ್ಟೆ ಸ್ವಲ್ಪ ಹೆಚ್ಚಿಸಿ ಅಂದರು. ಅಮ್ಮ ಔಷಧಿ ತರಲು ಹೋದಳು. ಅಪ್ಪನನ್ನೂ ಮಗನನ್ನೂ ನರ್ಸಮ್ಮ ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಸಕ್ಕರೆ ಕಾಯಿಲೆಯವರಿಗೆ, ಅವರ ಮನೆಯವರಿಗೆ ತಿಂಗಳಿಗೊಮ್ಮೆ ಪಾಠ. ಹಳ್ಳಿಯ ಮುದುಕರು, ಮುದುಕಿಯರು ಮಡಿಸುವ ಕುರ್ಚಿಗಳ ಮೇಲೆ ಕೂತಿದ್ದರು, ಕೋಟು ಬಿಚ್ಚದೆ.

ನರ್ಸಮ್ಮ ಗೋಡೆಯ ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. ಒಂದು ಬೇಸಿಗೆಯದು, ಹಲ್ಲು ಹಲ್ಲಾಗಿ ಗರಗಸದ ಹಾಗಿತ್ತು. ಇನ್ನೊಂದು ಈಗಿನದು, ನೆಟ್ಟಗೆ.

“ಇವೆರಡೂ ಒಬ್ಬರದ್ದೇ! ಇಲ್ಲೇ ಕೂತಿದ್ದಾರೆ ನೋಡಿ, ಮಾ ಚಾಂಗ್‌ಸೊಪ್ ಅವರು. ಬೇರೆಯವರ ಪಥ್ಯ ನಕಲು ಮಾಡಲಿಲ್ಲ ಇವರು. ತಮ್ಮ ಮೈಗೆ ಯಾವುದು ಸರಿ ಅಂತ ಒಂದೊಂದಾಗಿ ಕಂಡುಕೊಂಡರು. ಎಲ್ಲರೂ ಚಪ್ಪಾಳೆ ಹೊಡೀರಿ.”

ಕೈಗವಸಿನ ಕೈಗಳು ದಪದಪ ಸದ್ದು ಮಾಡಿದವು. ಅಪ್ಪ ಎದ್ದುನಿಂತು, ಎರಡೂ ಕೈ ತೊಡೆಗಂಟಿಸಿ ಬಗ್ಗಿದ. ಮೂರು ತಿಂಗಳಲ್ಲಿ ಅವನು ಇಷ್ಟು ಜನರ ಮುಂದೆ ನಿಂತದ್ದು ಇದೇ ಮೊದಲು. ಕಿವಿ ಕೆಂಪಾಗಿತ್ತು.

“ಇವರ ಮನೆಯವರು ಬಂದಿದಾರೆ. ಮಗ ಅಲ್ವಾ? ಬನ್ನಿ, ನೀವೇ ಹೇಳಿ. ಅಪ್ಪನನ್ನ ಹೇಗೆ ಒಪ್ಪಿಸಿದ್ರಿ?”

ಗಿಬೊಮ್ ಎದ್ದ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ತಿರುಗಿ ಕೂತಳು. ಅವಳ ಪಕ್ಕದಲ್ಲಿ ಗಂಡ, ಕಾಲಿಗೆ ದಪ್ಪನೆಯ ಬ್ಯಾಂಡೇಜು, ಮುಖ ಗಂಟಿಕ್ಕಿಕೊಂಡು ನೆಲ ನೋಡುತ್ತಿದ್ದ.

“ಹೇಳಪ್ಪ,” ಅಂದಳು ಅವಳು. “ಬೇಡಿಕೊಂಡೆ, ಕಣ್ಣೀರಿಟ್ಟೆ, ಜಗಳ ಆಡ್ದೆ. ಈ ಮನುಷ್ಯ ನನ್ನ ಮಾತು ಕೇಳ್ತಾನೇ ಇಲ್ಲ. ನೀನು ನಿನ್ನಪ್ಪನಿಗೆ ಏನಂದೆ? ಅದೇನು ಮಾತು ಅಂತ ನನಗೂ ಹೇಳಿಕೊಡು, ಇವನಿಗೂ ಅದನ್ನೇ ಹೇಳ್ತೀನಿ.”

ಕೋಣೆಯವರೆಲ್ಲ ಅವನನ್ನೇ ನೋಡುತ್ತಿದ್ದರು, ನಗುಮುಖದಿಂದ, ಮೆಚ್ಚಿಕೊಂಡು. ಬ್ಯಾಂಡೇಜಿನ ಗಂಡನೂ ಕಣ್ಣೆತ್ತಿದ. ಅಪ್ಪ ಪಕ್ಕದಲ್ಲಿ ನಿಂತೇ ಇದ್ದ. ಹಬ್ಬದ ಹಿಂದಿನ ದಿನದಿಂದ ಈಚೆಗೆ ಒಮ್ಮೆಯೂ ಮಗನ ಮುಖಕ್ಕೆ ಮುಖ ಕೊಡದಿದ್ದವನು ಈಗ ತಿರುಗಿ ಅವನನ್ನು ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗಿಬೊಮ್ ಅಲ್ಲೇ ನಿಲ್ಲುತ್ತಿದ್ದ, ಏನಾದರೊಂದು ಹೇಳುತ್ತಿದ್ದ, ಸುಳ್ಳನ್ನಾದರೂ.

“ಹೇಳೋ,” ಅಂದ ಅಪ್ಪ ಮೆಲ್ಲಗೆ. “ಅವರಿಗೂ ಉಪಯೋಗ ಆಗ್ಲಿ.”

ಗಿಬೊಮ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಬಿಟ್ಟ. ಮುದುಕರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು, ಯಾರ ಕಡೆಗೂ ನೋಡದೆ, ಬಾಗಿಲು ದೂಡಿ ಹೊರಗೆ ನಡೆದ.